ಶಿಬಿರಾರ್ಥಿಗಳೂ ಶಿಕ್ಷಕರೇ ಆಗಿರುವಾಗ ತರಬೇತಿ ಕೊಠಡಿಯನ್ನು ನಿಭಾಯಿಸುವುದು ಹೇಗೆ?

ಪ್ರಶ್ನೆ: ಗಣಿತ ಶಿಕ್ಷಕಿ, ಮಲೆನಾಡು

ಎಲ್ಲರಿಗೂ ನಮಸ್ಕಾರ.

ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಸಹಶಿಕ್ಷಕಿ. 4 ಮತ್ತು 5ನೆಯ ತರಗತಿಗಳಿಗೆ ಗಣಿತ ಬೋಧಿಸುವವರಿಗಾಗಿ ನಮ್ಮ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ನಡೆಯುತ್ತಿರುವ ಐದು ದಿನಗಳ ತರಬೇತಿಗೆ ಈ ಬಾರಿ ನನ್ನನ್ನು ಸಂಪನ್ಮೂಲ ವ್ಯಕ್ತಿಯಾಗಿ, ಅಂದರೆ ತರಬೇತಿ ನೀಡುವವಳಾಗಿ, ನಿಯೋಜಿಸಿದ್ದಾರೆ. ಮೊದಲ ತಂಡದ ತರಬೇತಿ ಕಳೆದ ವಾರ ಮುಗಿಯಿತು. ಎರಡನೆಯ ತಂಡ ಬರುವ ಸೋಮವಾರ ಸೇರುತ್ತದೆ. ಮಕ್ಕಳ ತರಗತಿಯಲ್ಲಿ ಶಿಸ್ತಿನ ವಿಷಯವಾಗಿ ನಾನು ಎಂದೂ ಹೆಚ್ಚು ತಲೆಕೆಡಿಸಿಕೊಂಡವಳಲ್ಲ. ಆದರೆ ನಲವತ್ತರಷ್ಟು ಸಹೋದ್ಯೋಗಿಗಳು, ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿ ಸೇವೆಯಲ್ಲಿ ನನಗಿಂತ ಬಹಳ ಹಿರಿಯರು, ಎದುರಿಗೆ ಕುಳಿತಾಗ ಮಕ್ಕಳೊಂದಿಗೆ ನಡೆಯುವ ಯಾವ ಉಪಾಯವೂ ನಡೆಯುವುದಿಲ್ಲವೆಂಬುದು ಮೊದಲ ದಿನವೇ ತಿಳಿಯಿತು.

ಮೊದಲ ತಂಡದಲ್ಲಿ ನಡೆದದ್ದನ್ನು ಇದ್ದಂತೆಯೇ ಹೇಳುತ್ತೇನೆ. ಯಾವ ಚಟುವಟಿಕೆಯನ್ನು ಆರಂಭಿಸಿದರೂ ಒಬ್ಬ ಹಿರಿಯರು, "ಇದೆಲ್ಲ ನಾವು ಮಾಡಿ ಬಿಟ್ಟದ್ದು, ಮುಂದೆ ಹೋಗಿ ಮೇಡಂ" ಎನ್ನುತ್ತಿದ್ದರು. ಅವರ ಸುತ್ತಲಿನ ನಾಲ್ಕೈದು ಮಂದಿ ನಗುತ್ತಿದ್ದರು. ಮಧ್ಯಾಹ್ನದ ಊಟದ ನಂತರ ಹಿಂದಿನ ಬೆಂಚುಗಳಲ್ಲಿ ಮಾತು ನಿಲ್ಲುತ್ತಲೇ ಇರಲಿಲ್ಲ. ಮೊಬೈಲು ಕೆಳಗಿಡಿ ಎಂದು ಎಷ್ಟು ವಿನಂತಿಸಿದರೂ ಎರಡು ನಿಮಿಷಗಳಲ್ಲಿ ಮತ್ತೆ ಕೈಗೆ ಬರುತ್ತಿತ್ತು. ಕೆಲವರು ಮಧ್ಯಾಹ್ನದ ಹಾಜರಾತಿಗೆ ಸಹಿ ಹಾಕಿ, ನಾಲ್ಕು ಗಂಟೆಗೆ ಚೀಲ ಹೆಗಲಿಗೇರಿಸಿಕೊಂಡು ಹೊರಡುತ್ತಿದ್ದರು. ಪೂರ್ವ ಪರೀಕ್ಷೆಯನ್ನು ಕೊಟ್ಟಾಗ, ನಮ್ಮ ಮಕ್ಕಳು ಮಾಡಿದರೆ ನಾವು ಯಾವುದನ್ನು ಬೈಯುತ್ತೇವೋ ಅದನ್ನೇ ಮಾಡಿ, ಪಕ್ಕದವರ ಹಾಳೆ ನೋಡಿ ಬರೆದರು. ಇನ್ನೊಂದೆಡೆ, ಬಾಗಿಲ ಬಳಿ ಕುಳಿತಿದ್ದ ಆರೇಳು ಶಿಕ್ಷಕಿಯರು ಐದು ದಿನವೂ ಒಂದು ಮಾತನ್ನೂ ಆಡಲಿಲ್ಲ. ಅವರಲ್ಲಿ ಹೆಚ್ಚಿನವರು ಉರ್ದು ಮಾಧ್ಯಮ ಶಾಲೆಗಳಿಂದ ಬಂದವರು.

ತರಬೇತಿಯ ಉಸ್ತುವಾರಿ ಹೊತ್ತ ನೋಡಲ್ ಅಧಿಕಾರಿಗಳಿಗೆ ವರದಿ ಕೊಡಿ, ಒಂದು ನೋಟಿಸು ಹೋದರೆ ಎಲ್ಲರೂ ಸರಿಹೋಗುತ್ತಾರೆ ಎಂದು ಒಬ್ಬರು ಸಲಹೆ ನೀಡಿದ್ದಾರೆ. ನನಗೆ ಅದು ಮನಸ್ಸಿಗೆ ಒಪ್ಪುತ್ತಿಲ್ಲ. ನಾಳೆ ಇವರೊಂದಿಗೇ ನಾನು ಕ್ಲಸ್ಟರ್ (ಅಕ್ಕಪಕ್ಕದ ಶಾಲೆಗಳ ಗುಂಪು) ಸಭೆಯಲ್ಲಿ ಕುಳಿತುಕೊಳ್ಳಬೇಕು. ಹಾಗೆಂದು ಸುಮ್ಮನಿದ್ದರೆ ಕಲಿಯಬೇಕೆಂದು ಬಂದವರಿಗೆ ಅನ್ಯಾಯವಾಗುತ್ತದೆ. ದೊಡ್ಡವರಿಗೆ ಪಾಠ ಮಾಡಿದ ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1: ನಿವೃತ್ತ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಉಪನ್ಯಾಸಕ

ಮೇಡಂ, ನಿಮ್ಮ ಪ್ರಶ್ನೆಯಲ್ಲಿರುವ ಸಮಸ್ಯೆಗಳೆಲ್ಲ ಒಂದೇ ಜಾತಿಯವಲ್ಲ. ಬೇರೆಯವರು ಮೊಬೈಲು, ಹಾಜರಾತಿಗಳ ಬಗ್ಗೆ ಹೇಳುವರೆಂದು ನಂಬಿ, ನಾನು ಆ ಹಿರಿಯರಿಂದ ಆರಂಭಿಸುತ್ತೇನೆ.

"ಇದೆಲ್ಲ ನಾವು ಮಾಡಿ ಬಿಟ್ಟದ್ದು" ಎಂಬ ಅವರ ಮಾತು ಕುಹಕವಾಗಿ ಕೇಳಿಸಿದರೂ ಅಕ್ಷರಶಃ ನಿಜವಿರುವ ಸಾಧ್ಯತೆಯೇ ಹೆಚ್ಚು. 1990ರ ದಶಕದ ನಡುವೆ ಸೇವೆಗೆ ಸೇರಿದ ಒಬ್ಬ ಪ್ರಾಥಮಿಕ ಶಾಲಾ ಶಿಕ್ಷಕರು ಕಂಡದ್ದನ್ನು ಒಮ್ಮೆ ಎಣಿಸಿ ನೋಡಿ. ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ, 2001ರಿಂದ ಸರ್ವ ಶಿಕ್ಷಣ ಅಭಿಯಾನ, 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, ಶಿಕ್ಷಣ ಹಕ್ಕು ಕಾಯ್ದೆಯ ಬೆನ್ನಿಗೆ ಬಂದ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ, 2019ರಲ್ಲಿ ನಿಷ್ಠಾ ಎಂಬ ರಾಷ್ಟ್ರಮಟ್ಟದ ಶಿಕ್ಷಕರ ತರಬೇತಿ, ಕೊರೊನಾ ನಂತರ ಕಲಿಕಾ ಚೇತರಿಕೆ. ಪ್ರತಿಯೊಂದೂ ತನ್ನದೇ ಕೈಪಿಡಿಯನ್ನು ತಂದಿತು, ಪ್ರತಿಯೊಂದರ ಮೊದಲ ದಿನವೂ ಹಿಂದಿನ ಪದ್ಧತಿ ಏಕೆ ಸಾಲದೆಂಬ ವಿವರಣೆಯಿಂದಲೇ ಆರಂಭವಾಯಿತು. ಹೀಗೆ ಪದೇ ಪದೇ "ನೀವು ಇದುವರೆಗೆ ಮಾಡಿದ್ದು ಸರಿಯಲ್ಲ" ಎಂದು ಕೇಳಿಸಿಕೊಂಡ ಮನುಷ್ಯನು ಮುಂದಿನ ಬಾರಿ ನಗದೆ ಇನ್ನೇನು ಮಾಡಿಯಾನು? ಆ ನಗು ಗುರಿಯಾಗಿಸಿಕೊಂಡದ್ದು ನಿಮ್ಮನ್ನಲ್ಲ, ನಿಮ್ಮ ಕೈಯಲ್ಲಿರುವ ಕೈಪಿಡಿಯನ್ನು. ನೀವು ಅದನ್ನು ಎತ್ತಿ ಹಿಡಿದು ನಿಂತಿರುವುದರಿಂದ ಏಟು ನಿಮಗೂ ತಾಗುತ್ತದೆ, ಅಷ್ಟೇ.

ಮಕ್ಕಳು ಕಾರ್ಡುಗಳ ನೆರವಿನಿಂದ ತಮ್ಮ ವೇಗದಲ್ಲಿ ಕಲಿಯುವ ನಲಿ-ಕಲಿ ಪದ್ಧತಿಯ ಇತಿಹಾಸ ಈ ವಿಷಯದಲ್ಲಿ ನನಗೆ ಯಾವಾಗಲೂ ನೆನಪಾಗುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಅದು ಆರಂಭವಾದಾಗ, ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಗ್ರಾಮೀಣ ಶಾಲೆಗಳಲ್ಲಿ ನಡೆಯುತ್ತಿದ್ದುದನ್ನು ಕಣ್ಣಾರೆ ಕಂಡು, ಹಿಂದಿರುಗಿದ ಮೇಲೆ ತಾವೇ ಕುಳಿತು ಕಾರ್ಡುಗಳನ್ನು ರೂಪಿಸಿದರು. ಅದೇ ಪದ್ಧತಿ 2009-10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ವಿಸ್ತರಿಸಿದಾಗ, ಉಳಿದ ಕಡೆಯ ಶಿಕ್ಷಕರಿಗೆ ಅದು ಸುತ್ತೋಲೆಯಾಗಿ, ಸಿದ್ಧ ಪೆಟ್ಟಿಗೆಯಾಗಿ, ನಿಗದಿತ ದಿನಗಳ ತರಬೇತಿಯಾಗಿ ತಲುಪಿತು. ಕಾರ್ಡು ಒಳ್ಳೆಯದೇ. ಆದರೆ ತಾನು ಬರೆದ ಕಾರ್ಡಿನ ಮುಂದೆ ಕುಳಿತ ಶಿಕ್ಷಕನಿಗೂ ತನಗೆ ವಿತರಿಸಿದ ಕಾರ್ಡಿನ ಮುಂದೆ ಕುಳಿತ ಶಿಕ್ಷಕನಿಗೂ ಇರುವ ವ್ಯತ್ಯಾಸವನ್ನು ತರಬೇತಿ ಕೊಠಡಿಯ ಹಿಂದಿನ ಬೆಂಚಿನಲ್ಲಿ ಯಾರು ಬೇಕಾದರೂ ಕಾಣಬಹುದು. ನನ್ನ ಅಭಿಪ್ರಾಯದಲ್ಲಿ ನೀವು ಅಶಿಸ್ತು ಎಂದು ಕರೆಯುತ್ತಿರುವುದರಲ್ಲಿ ಬಹುಪಾಲು ಅದೇ ವ್ಯತ್ಯಾಸ.

ಹಾಗಾದರೆ ಸೋಮವಾರ ಬೆಳಿಗ್ಗೆ ಏನು ಮಾಡಬೇಕು? ತರಬೇತಿಯ ಉದ್ದೇಶಗಳನ್ನು ಓದುವುದನ್ನು ಬಿಡಿ. ಅವು ಕೈಪಿಡಿಯಲ್ಲೇ ಇವೆ. ಪ್ರಾರ್ಥನೆ, ಪರಿಚಯ ಮುಗಿದ ಕೂಡಲೇ ಕಪ್ಪುಹಲಗೆಯ ಮೇಲೆ ಒಂದೇ ಒಂದು ಲೆಕ್ಕ ಬರೆಯಿರಿ: 42 − 17 = 35. ನಾಲ್ಕನೆಯ ತರಗತಿಯ ಮಗುವೊಂದು ಹೀಗೆ ಬರೆದಿದೆ, ಈ ಮಗು ಏನು ಯೋಚಿಸಿರಬಹುದು ಎಂದು ಕೇಳಿ ಸುಮ್ಮನೆ ನಿಂತುಕೊಳ್ಳಿ. ಇದು ತಪ್ಪೆಂದು ಹೇಳುವುದಕ್ಕೆ ಯಾರಿಗೂ ತರಬೇತಿ ಬೇಕಿಲ್ಲ. ಆದರೆ ಮಗು 7ರಿಂದ 2 ಕಳೆದಿದೆ, ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕೆಂದು ನಾವೇ ಎರಡನೆಯ ತರಗತಿಯಲ್ಲಿ ಹೇಳಿಕೊಟ್ಟ ಮಾತನ್ನು ಅದು ಚಾಚೂ ತಪ್ಪದೆ ಪಾಲಿಸಿದೆ ಎಂಬುದು ಬೆಳಕಿಗೆ ಬಂದಾಗ ಕೊಠಡಿಯಲ್ಲಿ ಮಾತಿನ ದಿಕ್ಕೇ ಬದಲಾಗುತ್ತದೆ. ಹಿಂದಿನ ಬೆಂಚಿನವರು ಆಗಲೂ ಮಾತನಾಡುತ್ತಾರೆ, ಆದರೆ ಲೆಕ್ಕದ ಬಗ್ಗೆ ಮಾತನಾಡುತ್ತಾರೆ.

ನಿಮ್ಮ ಹಿರಿಯರಂಥವರ ಸರದಿ ಬರುವುದು ಅಲ್ಲಿ. "ಸರ್, ಕಡ್ಡಿಕಟ್ಟು ಬಿಚ್ಚಿಸಿ ಇದನ್ನು ತಿದ್ದಿದವರು ನೀವಿರಬೇಕು. ಹತ್ತತ್ತು ಕಡ್ಡಿಯ ನಾಲ್ಕು ಕಟ್ಟು, ಎರಡು ಬಿಡಿ ಕಡ್ಡಿ ಕೈಯಲ್ಲಿರುವಾಗ ಏಳು ಕಡ್ಡಿ ಕೊಡು ಎಂದರೆ ಮಕ್ಕಳು ಮೊದಲು ಏನು ಮಾಡುತ್ತಾರೆ?" ಎಂದು ನೇರವಾಗಿ ಕೇಳಿ, ಕಡ್ಡಿಗಳನ್ನು ಅವರ ಮೇಜಿನ ಮೇಲೆ ಇಡಿ. ಪ್ರಶ್ನೆ ಇಷ್ಟು ಸಣ್ಣದಾಗಿರಬೇಕು. "ನಿಮ್ಮ ಅಮೂಲ್ಯ ಅನುಭವವನ್ನು ಹಂಚಿಕೊಳ್ಳಿ" ಎಂದು ಮೈಕು ಕೊಟ್ಟರೆ ಇಪ್ಪತ್ತು ನಿಮಿಷ ಹೋಯಿತೆಂದೇ ತಿಳಿಯಿರಿ. ಜೊತೆಗೆ, ಹೊಗಳಿ ಬಾಯಿ ಮುಚ್ಚಿಸುವ ಉಪಾಯವಿದು ಎಂದು ಅವರಿಗೆ ಆ ಕ್ಷಣವೇ ಗೊತ್ತಾಗುತ್ತದೆ. ದೊಡ್ಡವರು ತರಬೇತಿಗೆ ಬರುವಾಗ ಅನುಭವದೊಂದಿಗೇ ಬರುತ್ತಾರೆ, ಆ ಅನುಭವವನ್ನು ಹೊರಗಿಟ್ಟರೆ ತಮ್ಮನ್ನೇ ಹೊರಗಿಟ್ಟಂತೆ ಅವರಿಗೆ ಅನಿಸುತ್ತದೆ ಎಂಬುದನ್ನು ವಯಸ್ಕರ ಕಲಿಕೆಯ ಬಗ್ಗೆ ಬರೆದ ಅಮೆರಿಕದ ಮಾಲ್ಕಮ್ ನೋಲ್ಸ್ 1960ರ ದಶಕದ ಕೊನೆಯಿಂದಲೇ ಪ್ರತಿಪಾದಿಸಿದ್ದರು. ನಾವು ಅದನ್ನು ತರಬೇತುದಾರರ ತರಬೇತಿಯಲ್ಲಿ ಟಿಪ್ಪಣಿಯಾಗಿ ಬರೆಸಿ ಮುಂದೆ ಸಾಗುತ್ತೇವೆ.

ಪೂರ್ವ ಪರೀಕ್ಷೆಯ ನಕಲಿನ ವಿಷಯ. ಆ ಹಾಳೆಯ ಮೇಲೆ ಹೆಸರು, ಶಾಲೆ, ಮೊಬೈಲು ಸಂಖ್ಯೆ ಬರೆಸಿದ್ದೀರಾ? ಬರೆಸಿದ್ದರೆ ಅದು ಕಚೇರಿಗೆ ಹೋಗುವ ಕಾಗದ. ನಲವತ್ತೈದು ವರ್ಷದ ಮನುಷ್ಯ ಅಂಥ ಕಾಗದದ ಮೇಲೆ ತಪ್ಪು ಬರೆಯಲು ಸಿದ್ಧನಿರುವುದಿಲ್ಲ. ಹೆಸರಿಲ್ಲದೆ, ತಮಗೆ ಮಾತ್ರ ತಿಳಿಯುವ ಒಂದು ಗುರುತು ಹಾಕಿಸಿ, ಕೊನೆಯ ದಿನ ಅವರ ಹಾಳೆಯನ್ನು ಅವರಿಗೇ ಹಿಂದಿರುಗಿಸಿ. ಕಚೇರಿಗೆ ಒಟ್ಟು ಸರಾಸರಿ ಸಾಕು.

ಉತ್ತರ 2: ಬಿಆರ್‌ಪಿ (ಕ್ಷೇತ್ರ ಸಂಪನ್ಮೂಲ ವ್ಯಕ್ತಿ), ಕಲ್ಯಾಣ ಕರ್ನಾಟಕ

ಗುರುಗಳು ಹೇಳಿದ್ದರಲ್ಲಿ ಬಹಳಷ್ಟನ್ನು ಒಪ್ಪುತ್ತೇನೆ, ಎಲ್ಲವನ್ನೂ ಒಪ್ಪಲಾರೆ. ಅದನ್ನು ಕೊನೆಗೆ ಹೇಳುತ್ತೇನೆ.

ಮೊಬೈಲಿನ ಬಗ್ಗೆ ಶಿಬಿರಾರ್ಥಿಗಳನ್ನು ದೂರುವ ಮೊದಲು ಅವರ ವಾಟ್ಸಾಪ್‌ಗೆ ಆ ಹೊತ್ತಿನಲ್ಲಿ ಏನು ಬರುತ್ತದೆಂದು ಒಮ್ಮೆ ನೋಡಿ. ಬೆಳಿಗ್ಗೆ ಹನ್ನೊಂದಕ್ಕೆ ಕ್ಲಸ್ಟರ್ ಗುಂಪಿನಲ್ಲಿ "ತುರ್ತು, ಅತಿ ತುರ್ತು, ಮಧ್ಯಾಹ್ನ ಒಂದು ಗಂಟೆಯೊಳಗೆ" ಎಂದು ಒಂದು ನಮೂನೆ ಬಂದಿರುತ್ತದೆ. ಶಾಲೆಯ ಶೌಚಾಲಯಗಳ ಸಂಖ್ಯೆ, ಆಧಾರ್ ಜೋಡಣೆಯಾಗದ ಮಕ್ಕಳ ಪಟ್ಟಿ, ವಿದ್ಯಾರ್ಥಿಗಳ ಮಾಹಿತಿ ದಾಖಲಿಸುವ ಸ್ಯಾಟ್ಸ್ ಜಾಲತಾಣದಲ್ಲಿ ಬಾಕಿ ಉಳಿದ ದಾಖಲೆಗಳು. ಅದನ್ನು ಕಳುಹಿಸುವುದೂ ನಮ್ಮ ಇಲಾಖೆಯೇ, ತರಬೇತಿಗೆ ಕರೆಸಿ ಮೊಬೈಲು ಮುಟ್ಟಬೇಡಿ ಎನ್ನುವುದೂ ನಮ್ಮ ಇಲಾಖೆಯೇ. ಮತಗಟ್ಟೆ ಮಟ್ಟದ ಅಧಿಕಾರಿಯಾಗಿರುವ ಶಿಕ್ಷಕರ ಪಾಡಂತೂ ಕೇಳಲೇಬೇಡಿ; ಅವರಿಗೆ ತಹಶೀಲ್ದಾರರ ಕಚೇರಿಯಿಂದಲೂ ಕರೆ ಬರುತ್ತದೆ.

ಆದ್ದರಿಂದ ನಾನು ಮೊಬೈಲನ್ನು ನಿಷೇಧಿಸುವುದಿಲ್ಲ. ತರಬೇತಿಯ ದಿನಗಳಲ್ಲಿ ಶಿಬಿರಾರ್ಥಿಗಳ ಶಾಲೆಗಳಿಂದ ಮಾಹಿತಿ ಕೇಳುವುದನ್ನು ಸಂಜೆ ಐದರ ನಂತರಕ್ಕೆ ಇಟ್ಟುಕೊಳ್ಳುವಂತೆ ಸಿಆರ್‌ಪಿಗಳಿಗೆ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳಿಗೆ) ಒಂದು ಮಾತು ಹೇಳಿಸುವಂತೆ ಕ್ಷೇತ್ರ ಸಮನ್ವಯಾಧಿಕಾರಿಗಳನ್ನು ಮೊದಲೇ ಕೇಳಿಕೊಳ್ಳುತ್ತೇನೆ. ಪೂರ್ತಿ ನಿಲ್ಲುವುದಿಲ್ಲ, ಕಡಿಮೆಯಾಗುತ್ತದೆ. ಅದರ ಜೊತೆಗೆ ಬೆಳಿಗ್ಗೆ ಹನ್ನೊಂದೂವರೆಯ ಚಹಾ ವಿರಾಮಕ್ಕೂ ಮಧ್ಯಾಹ್ನ ಮೂರೂವರೆಗೂ ಹತ್ತು ನಿಮಿಷಗಳನ್ನು "ಕಚೇರಿ ಕೆಲಸಕ್ಕೆ" ಎಂದು ವೇಳಾಪಟ್ಟಿಯಲ್ಲೇ ಬರೆದು ಗೋಡೆಗೆ ಅಂಟಿಸುತ್ತೇನೆ. ಉತ್ತರಿಸಲು ಸಮಯವಿದೆ ಎಂದು ಗೊತ್ತಾದ ಮೇಲೆ ಹೆಚ್ಚಿನವರು ತಾವಾಗಿಯೇ ಮೊಬೈಲನ್ನು ಚೀಲದೊಳಗಿಡುತ್ತಾರೆ. ಇಡದವರು ಇಬ್ಬರೋ ಮೂವರೋ ಉಳಿಯುತ್ತಾರೆ. ಅವರನ್ನು ನಾನು ಬಿಟ್ಟುಬಿಡುತ್ತೇನೆ; ನಲವತ್ತು ಮಂದಿಯಲ್ಲಿ ಇಬ್ಬರು ಕ್ರಿಕೆಟ್ ಸ್ಕೋರು ನೋಡಿದರೆ ಗಣಿತಕ್ಕೆ ನಷ್ಟವೇನೂ ಇಲ್ಲ, ಅವರ ಹಿಂದೆ ಬಿದ್ದು ಪಾಠ ನಿಲ್ಲಿಸಿದರೆ ನಷ್ಟ.

ಹಾಜರಾತಿಯ ಬಗ್ಗೆ ಒಂದೇ ಮಾತು. ಹಾಜರಾತಿ ಪುಸ್ತಕವನ್ನು ನೀವು ಕೈಯಲ್ಲಿ ಹಿಡಿಯಬೇಡಿ. ಅನ್ಯಕಾರ್ಯ ನಿಮಿತ್ತ (ಶಾಲೆಯ ಹೊರಗಿದ್ದರೂ ಕರ್ತವ್ಯದಲ್ಲಿದ್ದಂತೆ ಎಣಿಸುವ) ಸೌಲಭ್ಯಕ್ಕೂ ದಿನಭತ್ಯೆಗೂ ಆಧಾರವಾಗುವ ದಾಖಲೆ ಅದು. ಅದರ ಹೊಣೆ ನೋಡಲ್ ಅಧಿಕಾರಿಗಳದ್ದು. ಪಾಠ ಮಾಡುವವರೇ ಕಾವಲುಗಾರರೂ ಆದರೆ ಎರಡೂ ಕೆಟ್ಟುಹೋಗುತ್ತವೆ. ನಾಲ್ಕು ಗಂಟೆಗೆ ಹೊರಡುವವರಲ್ಲಿ ಸೋಮಾರಿಗಳು ಎಷ್ಟು, ಕೊನೆಯ ಬಸ್ಸು ಹಿಡಿಯಬೇಕಾದವರು ಎಷ್ಟು ಎಂದು ಮೊದಲ ದಿನವೇ ಕೇಳಿ ತಿಳಿದುಕೊಳ್ಳಿ. ನಮ್ಮ ತಾಲ್ಲೂಕಿನ ಒಂದು ದಿಕ್ಕಿಗೆ ನಾಲ್ಕೂವರೆಯ ಬಸ್ಸು ತಪ್ಪಿದರೆ ಮುಂದಿನದು ಏಳಕ್ಕೆ. ಆ ದಾರಿಯ ಶಿಕ್ಷಕಿಯರು ಕಿಟಕಿಯತ್ತ ನೋಡುತ್ತಾ ಕುಳಿತರೆ ಅದನ್ನು ನಿರಾಸಕ್ತಿ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಈಗ ಭಿನ್ನಾಭಿಪ್ರಾಯ. ಎಲ್ಲ ಕುಹಕವೂ ಕೈಪಿಡಿಯ ಮೇಲಿನ ಕೋಪವಲ್ಲ. ನಾನು ನಡೆಸಿದ ತಂಡವೊಂದರಲ್ಲಿ ಒಬ್ಬ ಶಿಕ್ಷಕಿ ಹಲಗೆಯ ಬಳಿಗೆ ಬಂದು 1/2ಕ್ಕೆ 1/3 ಕೂಡಿಸುವಾಗ, ಗಾಬರಿಯಲ್ಲಿ ಅಂಶವನ್ನೂ ಛೇದವನ್ನೂ ಬೇರೆ ಬೇರೆ ಕೂಡಿಸಿ 2/5 ಎಂದು ಬರೆದರು. ಒಬ್ಬರು ಹಿಂದಿನಿಂದ, "ಅಡುಗೆಮನೆ ಲೆಕ್ಕ ಇರಬೇಕು" ಎಂದರು. ಆಕೆ ಸೀಮೆಸುಣ್ಣ ಇಟ್ಟು ಕುಳಿತುಬಿಟ್ಟರು. ಇದಕ್ಕೆ ಸೇವಾವಧಿಯ ಬೇಸರ ಕಾರಣವಲ್ಲ, ಇದು ಅಪಮಾನ; ಇಂಥದ್ದು ಕಂಡಾಗ ಕಡ್ಡಿಕಟ್ಟು ಕೊಟ್ಟು ಸಮಾಧಾನಪಡಿಸುವ ಪ್ರಶ್ನೆಯೇ ಇಲ್ಲ. ಎಲ್ಲರ ಮುಂದೆ ನಾನು ಹೇಳಿದ್ದು ಇಷ್ಟೇ: "ನಮ್ಮ ಅರ್ಧ ತರಗತಿ ಮಾಡುವ ತಪ್ಪನ್ನು ಮೇಡಂ ನಮಗಾಗಿ ಹಲಗೆಯ ಮೇಲೆ ತಂದಿದ್ದಾರೆ, ಉತ್ತರ ಅರ್ಧಕ್ಕಿಂತಲೂ ಕಡಿಮೆಯಾಯಿತಲ್ಲ, ಅದು ಹೇಗೆ ಸಾಧ್ಯ ಎಂದು ಯಾರು ಹೇಳುತ್ತೀರಿ?" ಚಹಾ ವಿರಾಮದಲ್ಲಿ ಆ ವ್ಯಕ್ತಿಯನ್ನು ಹೊರಗೆ, ಮರದ ಕೆಳಗೆ, ಒಬ್ಬರನ್ನೇ ಕರೆದು, "ಸರ್, ನಿಮ್ಮ ಮಾತಿನ ನಂತರ ಅವರು ಮಾತನಾಡುವುದನ್ನೇ ನಿಲ್ಲಿಸಿದ್ದಾರೆ. ಮಧ್ಯಾಹ್ನ ಇದು ಮತ್ತೆ ಆಗಬಾರದು" ಎಂದೆ. ದನಿ ಏರಿಸಲಿಲ್ಲ, ನಗಲೂ ಇಲ್ಲ. ಜೊತೆಯವರು ನೋಡುತ್ತಿರುವಾಗ ಹೇಳಿದ್ದರೆ ಅವರು ಮಾನ ಉಳಿಸಿಕೊಳ್ಳಲು ಇನ್ನೊಂದು ಮಾತು ಎಸೆಯಲೇಬೇಕಾಗುತ್ತಿತ್ತು. ಕೇಳುವವರಿಲ್ಲದ ಕಡೆ ಆ ಅಗತ್ಯ ಬರಲಿಲ್ಲ.

ಇದಾದ ಮೇಲೂ ಮುಂದುವರಿದರೆ, ಅವರಿಗೆ ತಿಳಿಸಿಯೇ ನೋಡಲ್ ಅಧಿಕಾರಿಗಳಿಗೆ ಬಾಯಿಮಾತಿನಲ್ಲಿ ಹೇಳಿ. ಲಿಖಿತ ವರದಿ ಒಬ್ಬ ನೌಕರನ ಕಡತ ಸೇರುವ ಕಾಗದ. ಹರಟೆಗೂ ತಡವಾಗಿ ಬಂದದ್ದಕ್ಕೂ ಅದನ್ನು ಬಳಸಬಾರದು. ಕುಡಿದು ಬಂದರೆ, ಬೈದರೆ ಬಳಸಲೇಬೇಕು. ಮಹಿಳೆಯರೊಂದಿಗೆ ಅನುಚಿತವಾಗಿ ವರ್ತಿಸಿದ ಪ್ರಸಂಗವಾದರೆ ಅದು ನಿಮ್ಮ ನನ್ನ ತೀರ್ಮಾನಕ್ಕೆ ಬಿಟ್ಟದ್ದೂ ಅಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಆಂತರಿಕ ದೂರು ಸಮಿತಿ ಇದೆ, ದೂರು ಕೊಡಬಯಸುವವರಿಗೆ ಆ ದಾರಿಯನ್ನು ತೋರಿಸಿ ಜೊತೆಗೆ ನಿಲ್ಲಬೇಕು.

ಉತ್ತರ 3: ಏಕೋಪಾಧ್ಯಾಯ

ನಾನು ಸಂಪನ್ಮೂಲ ವ್ಯಕ್ತಿಯಲ್ಲ. ಮೇಡಂ ಬರೆದಿರುವ ಆ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳುವವರಲ್ಲಿ ಒಬ್ಬ. ಅಲ್ಲಿ ಏನು ಮಾತಾಗುತ್ತದೆಂದು ಯಾರೂ ಕೇಳುವುದಿಲ್ಲವಾದ್ದರಿಂದ ನಾನೇ ಹೇಳುತ್ತೇನೆ.

ನನ್ನ ಶಾಲೆಯಲ್ಲಿ ಒಂದರಿಂದ ಐದರವರೆಗೆ ಎಲ್ಲ ತರಗತಿಗಳಿಗೂ ನಾನೊಬ್ಬನೇ. ನನ್ನನ್ನು ತರಬೇತಿಗೆ ಕರೆಸಿದ ದಿನ ಪಕ್ಕದ ಊರಿನ ಶಾಲೆಯಿಂದ ಒಬ್ಬರನ್ನು ನಿಯೋಜಿಸುತ್ತಾರೆ. ಅವರು ಬಂದರೋ ಇಲ್ಲವೋ, ಶಾಲೆಯ ಬೀಗದ ಕೈ ಅವರ ಕೈ ಸೇರಿತೋ ಇಲ್ಲವೋ, ಬಿಸಿಯೂಟಕ್ಕೆ ಬೇಳೆ ಅಳೆದು ಕೊಟ್ಟರೋ ಇಲ್ಲವೋ, ಮೊಟ್ಟೆ ತಂದರೋ ಇಲ್ಲವೋ ಎಂಬುದು ನನಗೆ ಫೋನು ಮಾಡಿದರೆ ಮಾತ್ರ ತಿಳಿಯುತ್ತದೆ. ನನ್ನ ಪಕ್ಕದಲ್ಲಿ ಕುಳಿತವರದ್ದೂ ಅದೇ ಸ್ಥಿತಿ. ನಮ್ಮಿಬ್ಬರ ಹರಟೆ ಹೆಚ್ಚಾಗಿ ಇದೇ. ಅದನ್ನು ಮುಂದಿನಿಂದ ನೋಡಿದರೆ ಅಶಿಸ್ತಿನಂತೆ ಕಾಣುತ್ತದೆ ಎಂಬುದು ನನಗೆ ಗೊತ್ತು.

ಇನ್ನೊಂದು ಸಂಗತಿಯನ್ನು ಕಹಿಯಾದರೂ ಹೇಳಬೇಕು. ಪರದೆಯ ಮೇಲಿನ ಸ್ಲೈಡನ್ನು ಅಕ್ಷರ ಬಿಡದೆ ಓದಿ ಹೇಳುವ ಸಂಪನ್ಮೂಲ ವ್ಯಕ್ತಿಗಳ ಮುಂದೆ ನಾನು ಬಹಳ ಕುಳಿತಿದ್ದೇನೆ. ರಾಜ್ಯಮಟ್ಟದಲ್ಲಿ ತಯಾರಾದದ್ದು ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಇಳಿಯುವ ಕ್ಯಾಸ್ಕೇಡ್ ಮಾದರಿಯಲ್ಲಿ, ಮೇಲೆ ನಡೆದ ಚರ್ಚೆಯೆಲ್ಲ ಅಲ್ಲಲ್ಲೇ ಉಳಿದು ನಮ್ಮವರೆಗೆ ಬರುವುದು ಸ್ಲೈಡು ಮಾತ್ರ. ವಿದ್ಯುತ್ ಹೋದಾಗ ಪಾಠವೂ ನಿಂತುಹೋಗುತ್ತದೆಯಾದರೆ, ಪಾಠ ಇದ್ದದ್ದು ಯಾರಲ್ಲಿ? 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರು ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿಪರ ಬೆಳವಣಿಗೆಯ ಕಾರ್ಯಕ್ರಮಗಳಲ್ಲಿ, ಅದೂ ತಮ್ಮ ಆಸಕ್ತಿಗೆ ಅನುಗುಣವಾಗಿ, ಪಾಲ್ಗೊಳ್ಳಬೇಕೆಂದು ಹೇಳುತ್ತದೆ. ಆಸಕ್ತಿ ಏನೆಂದು ನನ್ನನ್ನು ಇದುವರೆಗೆ ಯಾರೂ ಕೇಳಿಲ್ಲ. ಪಟ್ಟಿಯಲ್ಲಿ ಹೆಸರು ಬರುತ್ತದೆ, ನಾನು ಹೋಗುತ್ತೇನೆ.

ಮೇಡಂ, ನಿಮ್ಮ ತಂಡದಲ್ಲಿ ನನ್ನಂಥವರು ಖಂಡಿತ ಇರುತ್ತಾರೆ. ಐದು ದಿನಗಳಲ್ಲಿ ಒಂದು ಗಂಟೆಯನ್ನಾದರೂ ನಮಗೆ ಕೊಡಿ. ಐದು ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ ಕುಳಿತಿರುವಾಗ ನಾಲ್ಕನೆಯವರಿಗೆ ಭಿನ್ನರಾಶಿ ಹೇಳುವ ಹೊತ್ತಿನಲ್ಲಿ ಒಂದನೆಯವರ ಕೈಗೆ ಏನು ಕೊಡಬೇಕು ಎಂಬುದನ್ನು ಚರ್ಚೆಗೆ ಇಡಿ. ಉತ್ತರ ನಿಮಗೆ ಗೊತ್ತಿರಬೇಕೆಂದೇನೂ ಇಲ್ಲ. ಆ ಒಂದು ಗಂಟೆ ನನ್ನ ಬಾಯಿಂದ ಬೇರೆ ಮಾತು ಬರುವುದಿಲ್ಲ.

ಉತ್ತರ 4: ಉರ್ದು ಶಾಲೆಯ ಶಿಕ್ಷಕಿ

ಬಾಗಿಲ ಬಳಿ ಸುಮ್ಮನೆ ಕುಳಿತವರ ಬಗ್ಗೆ ಯಾರೂ ಬರೆಯಲಿಲ್ಲ. ಗಲಾಟೆ ಮಾಡುವವರಿಗೆ ಮೂರು ಉತ್ತರ ಬಂದಿದೆ, ಮಾತನಾಡದವರಿಗೆ ಒಂದೂ ಇಲ್ಲ. ತರಬೇತಿ ಕೊಠಡಿಯಲ್ಲೂ ಹೀಗೇ ಆಗುತ್ತದೆ.

ನನಗೆ ಕನ್ನಡ ಓದಲು, ಮಾತನಾಡಲು ಬರುತ್ತದೆ. ಆದರೆ ನಾನು ದಿನವಿಡೀ ಗಣಿತ ಹೇಳುವುದು ಉರ್ದುವಿನಲ್ಲಿ. ಛೇದ, ಅಂಶ, ಲಘುತ್ತಮ ಸಾಮಾನ್ಯ ಅಪವರ್ತ್ಯ ಎಂಬ ಪದಗಳನ್ನು ಎಲ್ಲರ ಮುಂದೆ ಮೈಕಿನಲ್ಲಿ ತಡವರಿಸದೆ ಹೇಳಬೇಕಾದಾಗ ಲೆಕ್ಕ ಗೊತ್ತಿದ್ದರೂ ಬಾಯಿ ಕಟ್ಟುತ್ತದೆ. ಒಬ್ಬ ಸಂಪನ್ಮೂಲ ವ್ಯಕ್ತಿಗಳು ಮಾಡಿದ ಒಂದು ಕೆಲಸದಿಂದ ನನಗೆ ಬಹಳ ಅನುಕೂಲವಾಯಿತು. ಪ್ರಶ್ನೆ ಕೇಳಿದ ತಕ್ಷಣ ಯಾರನ್ನೂ ಎಬ್ಬಿಸದೆ, ಮೊದಲು ಎರಡು ನಿಮಿಷ ಪಕ್ಕದವರೊಂದಿಗೆ ಯಾವ ಭಾಷೆಯಲ್ಲಾದರೂ ಮಾತನಾಡಿಕೊಳ್ಳಿ ಎಂದರು. ನಂತರ ಗುಂಪಿನ ಪರವಾಗಿ ಒಬ್ಬರು ಹಾಳೆಯ ಮೇಲೆ ಲೆಕ್ಕ ಮಾಡಿ ತೋರಿಸಿದರೆ ಸಾಕು ಎಂದರು. ಕಾಗದದ ಪಟ್ಟಿಯನ್ನು ಮೂರು ಸಮಭಾಗ, ನಾಲ್ಕು ಸಮಭಾಗ ಮಡಚಿ 1/3 ದೊಡ್ಡದೋ 1/4 ದೊಡ್ಡದೋ ಎಂದು ತೋರಿಸಲು ಭಾಷೆಯೇ ಬೇಕಾಗಲಿಲ್ಲ. ಅಂದು ನಮ್ಮ ಗುಂಪು ಎರಡು ಬಾರಿ ಮುಂದೆ ಹೋಯಿತು.

ನಮ್ಮನ್ನು ಒಡೆದು ಬೇರೆ ಬೇರೆ ಗುಂಪುಗಳಿಗೆ ಹಂಚುವುದು ಒಳ್ಳೆಯದೆಂದು ಕೆಲವರು ಭಾವಿಸುತ್ತಾರೆ. ಮೊದಲ ದಿನವೇ ಹಾಗೆ ಮಾಡಬೇಡಿ. ಮೂರನೆಯ ದಿನಕ್ಕೆ ನಾವೇ ಬೇರೆ ಕಡೆ ಕುಳಿತುಕೊಳ್ಳುತ್ತೇವೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಪೂರ್ವ ಪರೀಕ್ಷೆಯ ಹಾಳೆಯ ಮೇಲೆ ಹೆಸರು, ಶಾಲೆ ಎರಡೂ ಇದ್ದವು. ನಮೂನೆ ಮೇಲಿನಿಂದಲೇ ಹಾಗೆ ಬಂದಿತ್ತು. ಅದನ್ನು ಬದಲಿಸಲು ಅನುಮತಿ ಕೇಳುತ್ತೇನೆ. ಬಹುವರ್ಗ ಬೋಧನೆಗೆ ಮೂರನೆಯ ದಿನ ಊಟದ ನಂತರದ ಅವಧಿಯನ್ನು ಇಡಬೇಕೆಂದಿದ್ದೇನೆ. ಹೇಗೂ ಆ ಹೊತ್ತಿನಲ್ಲಿ ಸ್ಲೈಡು ತೋರಿಸಿ ಪ್ರಯೋಜನವಿಲ್ಲ.

ಒಂದು ವಿಷಯ ಉಳಿದಿದೆ. ನಾನು ಕೆಲಸಕ್ಕೆ ಸೇರಿದ ಮೊದಲ ಶಾಲೆಯಲ್ಲಿ ಮುಖ್ಯಶಿಕ್ಷಕರಾಗಿದ್ದು, ಪಾಠ ಯೋಜನೆ ಬರೆಯುವುದನ್ನೇ ನನಗೆ ತಿದ್ದಿ ಕಲಿಸಿದವರ ಹೆಸರು ಎರಡನೆಯ ತಂಡದ ಪಟ್ಟಿಯಲ್ಲಿದೆ. ಅವರು ಬಹಳ ನೇರ ಮಾತಿನವರು. ಅವರ ಎದುರಿಗೆ ನಿಂತು "ಹೀಗೆ ಕಲಿಸಬೇಕು" ಎಂದು ಹೇಳುವುದನ್ನು ಊಹಿಸಿಕೊಂಡರೇ ನಾಲಿಗೆ ಒಣಗುತ್ತದೆ. ಹಾಗೆಯೇ ಬಸ್ಸಿನ ವಿಷಯ: ಈ ಬಾರಿ ಹನ್ನೆರಡು ಮಂದಿ ಒಂದೇ ದಾರಿಯವರಿದ್ದಾರೆ, ಸಮಯ ಬದಲಿಸುವ ಅಧಿಕಾರ ನನಗಿದೆಯೇ?

ಉತ್ತರ 5: ನಿವೃತ್ತ ಡಯಟ್ ಉಪನ್ಯಾಸಕ

ಶನಿವಾರ ಸಂಜೆ ಅವರಿಗೆ ಒಂದು ಫೋನು ಮಾಡಿ. ಸಹಕಾರ ಕೊಡಿ ಎಂದು ಬೇಡಬೇಡಿ, ಹಾಗೆ ಕೇಳಿದರೆ ಅವರನ್ನು ಗಲಾಟೆಯವರ ಪಟ್ಟಿಗೆ ಮೊದಲೇ ಸೇರಿಸಿದಂತಾಗುತ್ತದೆ. "ಸರ್, ನೀವು ತಂಡದಲ್ಲಿ ಇದ್ದೀರೆಂದು ತಿಳಿಯಿತು. ಭಾಗಾಕಾರವನ್ನು ನೀವು ಹಂಚುವ ಆಟದಿಂದ ಆರಂಭಿಸುತ್ತಿದ್ದಿರೋ, ಪುನರಾವರ್ತಿತ ವ್ಯವಕಲನದಿಂದಲೋ? ನಾಲ್ಕನೆಯ ದಿನ ಅದು ಬರುತ್ತದೆ" ಎಂದು ಕೆಲಸದ ಮಾತನ್ನೇ ಕೇಳಿ. ನೇರ ಮಾತಿನವರು ನೇರ ಪ್ರಶ್ನೆಗೆ ಒಲಿಯುತ್ತಾರೆ.

ಕೊಠಡಿಯೊಳಗೆ ಉಳಿದ ಹಿರಿಯರಿಗೆ ತೋರಿಸುವಷ್ಟೇ ಗೌರವ ಅವರಿಗೂ ಸಾಕು. ಮಾತುಮಾತಿಗೆ "ನಮ್ಮ ಗುರುಗಳು ಇಲ್ಲೇ ಇದ್ದಾರೆ" ಎನ್ನುತ್ತಿದ್ದರೆ ಅವರಿಗೂ ಮುಜುಗರ, ಇತರರಿಗೆ ಪಕ್ಷಪಾತದ ಶಂಕೆ. ಅವರು ನಿಮ್ಮ ಮಾತನ್ನು ಒಪ್ಪದಿದ್ದರೆ ಎರಡು ವಿಧಾನಗಳನ್ನೂ ಹಲಗೆಯ ಮೇಲೆ ಅಕ್ಕಪಕ್ಕ ಬರೆದು, ಯಾವ ಮಗುವಿಗೆ ಯಾವುದು ತೊಡಕಾಗುತ್ತದೆಂದು ಕೊಠಡಿಯನ್ನೇ ಕೇಳಿ. ತೀರ್ಪು ಕೊಡುವ ಜಾಗದಲ್ಲಿ ನೀವು ನಿಲ್ಲಬೇಕಾಗಿಲ್ಲ. ಇನ್ನು "ಹೀಗೆ ಕಲಿಸಬೇಕು" ಎಂಬ ವಾಕ್ಯವನ್ನು ಅವರ ಎದುರಿಗೆ ಹೇಳಲು ಸಂಕೋಚವಾದರೆ, ಉಳಿದ ಮೂವತ್ತೊಂಬತ್ತು ಮಂದಿಯ ಎದುರಿಗೂ ಅದನ್ನು ಹೇಳಬೇಡಿ.

ಉತ್ತರ 6: ಬಿಆರ್‌ಪಿ, ಕಲ್ಯಾಣ ಕರ್ನಾಟಕ

ಬಸ್ಸಿನ ವಿಷಯ: ಸಮಯ ಬದಲಿಸುವ ಅಧಿಕಾರ ನಿಮಗಿಲ್ಲ, ಕ್ಷೇತ್ರ ಸಮನ್ವಯಾಧಿಕಾರಿಗಳನ್ನು ಕೇಳಿ. ಊಟದ ವಿರಾಮವನ್ನು ಒಂದು ಗಂಟೆಯಿಂದ ಮೂವತ್ತೈದು ನಿಮಿಷಕ್ಕೆ ಇಳಿಸಿ, ಬೆಳಿಗ್ಗೆ ಹದಿನೈದು ನಿಮಿಷ ಮೊದಲು ಆರಂಭಿಸಿ, ಅಷ್ಟನ್ನು ಸಂಜೆ ಬಿಡುವಂತೆ ಕೋರಿ ಎರಡು ಸಾಲಿನ ಪತ್ರ ಬರೆಯಿರಿ. ಒಟ್ಟು ಅವಧಿ ಕಡಿಮೆಯಾಗುವುದಿಲ್ಲವಾದ್ದರಿಂದ ಸಾಮಾನ್ಯವಾಗಿ ಒಪ್ಪುತ್ತಾರೆ. ಊಟದವರಿಗೂ ಶುಕ್ರವಾರವೇ ತಿಳಿಸಿಬಿಡಿ. ಚಿತ್ರಾನ್ನ ಬರುವುದು ತಡವಾದರೆ ನಿಮ್ಮ ವೇಳಾಪಟ್ಟಿಯೆಲ್ಲ ತಲೆಕೆಳಗಾಗುತ್ತದೆ. ಅನುಮತಿ ಸಿಕ್ಕರೆ ಹೊಸ ಸಮಯವನ್ನು ಭಾನುವಾರವೇ ಶಿಬಿರಾರ್ಥಿಗಳ ಗುಂಪಿಗೆ ಹಾಕಿ, ಬೆಳಿಗ್ಗೆಯ ಬಸ್ಸು ಬೇರೆ ಹಿಡಿಯಬೇಕಾದವರು ಇರುತ್ತಾರೆ.